ಬಿಸಿಲಿಗೆ ತೋರಿಸಬಾರದ ಚಿಕ್ಸಾ

ಖಾಲಾಳ ಎಡಗೆನ್ನೆಯ ಮೇಲೆ ಒಂದು ಸಿಡುಬಿನ ಕುಳಿಯಿತ್ತು. ಅದರಲ್ಲಿ ಹೆಸರುಕಾಳು ಇಟ್ಟರೆ ಬೀಳದೆ ನಿಲ್ಲುತ್ತಿತ್ತು. ಇದು ನಾನು ಕಟ್ಟಿ ಹೇಳುವ ಮಾತಲ್ಲ. ಚಿಕ್ಕವಳಿದ್ದಾಗ ನಾನೇ ಇಟ್ಟು ನೋಡಿದ್ದೇನೆ. ಅವಳು ಅಲುಗಾಡದೆ ಕೂತಿದ್ದು, ಕಾಳು ನಿಂತದ್ದು ಖಾತ್ರಿಯಾದ ಮೇಲೆ ನನ್ನ ತಲೆಗೊಂದು ಮೊಟಕಿದ್ದಳು. ಗಲ್ಲ, ಹಣೆ, ಮೂಗಿನ ತುದಿ, ಎಲ್ಲ ಕಡೆ ಅಂಥವೇ ಕುಳಿಗಳು. ಆ ಮುಖ ಹೊತ್ತವಳು ಶಹಾಬಾದಿನಿಂದ ಸೇಡಂವರೆಗಿನ ಹುಡುಗಿಯರ ಮುಖ ತಿದ್ದುತ್ತಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎಂದು ಹೆಂಗಸರು ನಗುತ್ತಿದ್ದರು. "ಕುಳಿ ತುಂಬೂ ಚಿಕ್ಸಾ ಖುದಾನ ಕಡಿನೂ ಇಲ್ಲ. ತುಂಬತೀನಿ ಅಂದಾಕಿ ಸುಳ್ಳಿ" ಎಂದು ಅವಳೂ ನಗುತ್ತಿದ್ದಳು.

ಅವಳು ನಮಗೆ ರಕ್ತಸಂಬಂಧಿಯಲ್ಲ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಎದೆಮಟ್ಟದ ಒಂದು ಕಲ್ಲಿನ ಗೋಡೆ, ಅಷ್ಟೇ. ನಾವು ಲಿಂಗ ಕಟ್ಟಿಕೊಳ್ಳುವವರು, ಅವಳು ಐದು ಹೊತ್ತು ನಮಾಜು ಮಾಡುವವಳು. ಆದರೂ ಓಣಿಯ ಮಕ್ಕಳಿಗೆಲ್ಲ ಅವಳು ಖಾಲಾ, ಅಂದರೆ ಚಿಕ್ಕಮ್ಮ. ನಮ್ಮವ್ವನಿಗಂತೂ ಒಡಹುಟ್ಟಿದವಳಿಗಿಂತ ಹೆಚ್ಚು. ಅವರಿಬ್ಬರೂ ಗೋಡೆಯ ಆಚೀಚೆ ನಿಂತು ಮಾತಿಗೆ ತೊಡಗಿದರೆ ಎರಡೂ ಮನೆಯ ಒಲೆಯ ಮೇಲಿನ ಬೇಳೆ ತಳ ಹಿಡಿಯುತ್ತಿತ್ತು.

ನಾನು ಇದನ್ನು ಬರೆಯುತ್ತಿರುವುದು ಖಾಲಾಳ ಮೇಲಿನ ಪ್ರೀತಿಗಾಗಿ ಎಂದರೆ ಅದು ಅರ್ಧ ನಿಜ. ಉಳಿದರ್ಧ ಸೇಡು. ಯಾರ ಮೇಲಿನ ಸೇಡು ಎಂಬುದು ಓದುತ್ತ ತಿಳಿಯುತ್ತದೆ. ನನ್ನ ವಯಸ್ಸಿನ ಮುದುಕಿಯರು ಎಲ್ಲರನ್ನೂ ಕ್ಷಮಿಸಿ ಜಪಮಣಿ ಎಣಿಸುತ್ತ ಕೂಡಬೇಕಂತೆ. ನನಗೆ ಅದು ಬರಲಿಲ್ಲ.

ಚಿಕ್ಸಾ ಎಂದರೆ ನಮ್ಮ ಕಡೆ ಮುಸಲ್ಮಾನರ ಮದುವೆಯಲ್ಲಿ ಮದುಮಗಳ ಮೈಗೆ ತಿಕ್ಕುವ ಘಮಘಮಿಸುವ ಪುಡಿ. ಎಲ್ಲರ ಮನೆಯಲ್ಲೂ ಕುಟ್ಟುತ್ತಿದ್ದರು. ಖಾಲಾಳ ಚಿಕ್ಸಾ ಮಾತ್ರ ಮದುವೆಯ ಅಲಂಕಾರಕ್ಕಲ್ಲ, ಮುಖದ ರೋಗಕ್ಕೆ. ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸಕ್ಕಿದ್ದ ಅವಳ ತಮ್ಮ, ಪ್ರಯಾಣಿಕರಿಗೆ ಹಣ್ಣು ಮಾರುವವರಿಂದ ಸಂತ್ರಿಯ, ಅಂದರೆ ಕಿತ್ತಳೆಯ, ಸಿಪ್ಪೆ ಕೂಡಿಸಿ ಚೀಲಗಟ್ಟಲೆ ಕಳಿಸುತ್ತಿದ್ದ. ಚಿಂಚೋಳಿ ಅಡವಿಯಿಂದ ಚಳಿಗಾಲದಲ್ಲಿ ನೆಲ್ಲಿಕಾಯಿ ಬರುತ್ತಿದ್ದವು. ಎರಡನ್ನೂ ಅವಳು ನೆರಳಲ್ಲಿ ಒಣಗಿಸುತ್ತಿದ್ದಳು. ಅವ್ವ ಒಮ್ಮೆ ಉಪಕಾರ ಮಾಡಲು ಹೋಗಿ ಸಿಪ್ಪೆಯ ಮೊರವನ್ನು ಬಿಸಿಲಿಗೆ ಸರಿಸಿಟ್ಟಳು. ಖಾಲಾ ಓಡಿಬಂದು ಮೊರ ಕಿತ್ತುಕೊಂಡು, "ಅದರ ಜೀವ ಹುಳಿಯಾಗ ಅದ ಅಕ್ಕಾ. ಬಿಸಲಾಗ ಹಾಕಿದ್ರ ಜೀವ ಹೋಗಿ ಬರೇ ತೊಗಲು ಉಳಿತದ" ಎಂದು ಎರಡು ದಿನ ಮಾತು ಬಿಟ್ಟಿದ್ದಳು.

ಪುಡಿ ಒಂದು ವರ್ಷ ಇರುತ್ತಿತ್ತು. ಅದಕ್ಕೆ ಕಲಸುವ ರಸ ಮಾತ್ರ ಮೂರೇ ದಿನ. ಹಸಿ ನೆಲ್ಲಿಕಾಯಿ, ಅದು ಸಿಗದ ಕಾಲಕ್ಕೆ ನೆನೆಸಿದ ಒಣ ನೆಲ್ಲಿ, ಜಜ್ಜಿ ಹಿಂಡಿ, ಸೋಸಿ, ಅದಕ್ಕೆ ನಾಲ್ಕು ಹನಿ ಲಿಂಬಿ ಹಿಂಡಿ, ದವಾಖಾನೆಯಿಂದ ಬೇಡಿ ತಂದ ಕಂದು ಬಣ್ಣದ ಶೀಶೆಯಲ್ಲಿ ತುಂಬಿ, ನೀರಿನ ಗಡಿಗೆಯ ಪಕ್ಕದ ಒದ್ದೆ ಮರಳಲ್ಲಿ ಹೂತಿಡುತ್ತಿದ್ದಳು. ನಾಲ್ಕನೆಯ ದಿನ ಎಷ್ಟೇ ಉಳಿದಿರಲಿ, ಚೆಲ್ಲಿಬಿಡುತ್ತಿದ್ದಳು. ಕಬ್ಬಿಣದ ಪಾತ್ರೆ ಮುಟ್ಟಿಸುತ್ತಿರಲಿಲ್ಲ. ಎಷ್ಟೇ ಪರಿಚಯದವರಿರಲಿ, ಮೊದಲು ಮೊಣಕೈ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ಕಾಯಿಸುತ್ತಿದ್ದಳು. ಉರಿದರೆ ಒಳ್ಳೆಯದಲ್ಲವೇ, ಔಷಧ ಕೆಲಸ ಮಾಡುತ್ತಿದೆ ಎಂದಲ್ಲವೇ ಎಂದು ಯಾರಾದರೂ ಕೇಳಿದರೆ ಅವಳಿಗೆ ಸಿಟ್ಟೇ ಬರುತ್ತಿತ್ತು. "ಉರಿ ಅಂದ್ರ ದವಾ ಅಲ್ಲ. ಉರಿ ಅಂದ್ರ ಉರಿ. ತೊಳಕೋ ಮೊದಲು."

ಎಲ್ಲಕ್ಕೂ ಮೇಲಿನ ಕಟ್ಟಪ್ಪಣೆ ಬಿಸಿಲಿನದು. ಹೊತ್ತು ಮುಳುಗಿದ ಮೇಲೆ ಹಚ್ಚಬೇಕು. ಊಟದ ಹೊತ್ತಿಗೆ ತೊಳೆಯಬೇಕು. ಮರುದಿನ ಬೆಳಿಗ್ಗೆ ಮತ್ತೊಮ್ಮೆ ತೊಳೆಯದೆ ಹೊಸ್ತಿಲು ದಾಟಬಾರದು. ಲಿಂಬಿ ಹತ್ತಿದ ತೊಗಲು ಬಿಸಿಲು ಕಂಡರೆ ಸುಟ್ಟ ರೊಟ್ಟಿಯ ಹಾಗಾಗುತ್ತದೆ. ಇದನ್ನು ಅವಳು ಪೊಟ್ಟಣ ಕಟ್ಟುವಾಗ ಒಂದು ಸಲ, ಕೈಗೆ ಕೊಡುವಾಗ ಒಂದು ಸಲ, ಬಾಗಿಲಾಚೆ ಹೋದ ಮೇಲೆ ಕೂಗಿ ಕರೆದು ಒಂದು ಸಲ ಹೇಳುತ್ತಿದ್ದಳು. ಈಗ ನನ್ನ ಮೊಮ್ಮಗಳು ಒಂದು ಕಂದು ಶೀಶೆಯಿಂದ ಹನಿ ಹಾಕಿಕೊಂಡು ಮುಖಕ್ಕೆ ಸವರಿಕೊಳ್ಳುತ್ತಾಳೆ. ವಿಟಮಿನ್ ಸಿ ಅಂತೆ. "ಬಿಸಿಲಿಗೆ ಹೋಗುವಾಗ ಹುಷಾರು ಅಂತ ಬರೆದಿದೆ ಅಜ್ಜಿ" ಎಂದು ಓದಿ ಹೇಳಿದಳು. ನಾನು ಎದ್ದು ಒಳಗೆ ಹೋದೆ. ಅವಳಿಗೆ ಏನು ಗೊತ್ತು.

ನನ್ನ ಹದಿನಾರನೆಯ ವಯಸ್ಸಿಗೆ ನನ್ನ ಎರಡೂ ಗಲ್ಲದ ಮೇಲೆ ಬಂಗು ಎದ್ದಿತು. ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಮೇಸ್ತ್ರಿ. ಉರಿಬಿಸಿಲಲ್ಲಿ ಬುತ್ತಿ ಒಯ್ಯುವವಳು ನಾನು. ಬಿಳಿ ಕಲ್ಲಿನಿಂದ ಪುಟಿದು ಬರುವ ಬಿಸಿಲು ಮೇಲಿನ ಬಿಸಿಲಿಗಿಂತ ಕೆಟ್ಟದ್ದು. ಅದರ ಮೇಲೆ ಕಲ್ಲಿನ ಪುಡಿ. ಮುಖ ಒರಟಾಗಿ, ಕಂದು ಮಚ್ಚೆಗಳೆದ್ದು, ಕನ್ನಡಿ ನೋಡುವುದನ್ನೇ ಬಿಟ್ಟಿದ್ದೆ. ಆ ಸಮಯದಲ್ಲೇ ಚಿತ್ತಾಪುರದಿಂದ ನನ್ನನ್ನು ನೋಡಲು ಬಂದರು.

ಚಿತ್ತಾಪುರ ಅವ್ವನ ತವರು. ಗಂಡಿನವರದೂ ಅದೇ ಓಣಿ. ಗಂಡಿನ ತಾಯಿ ಎತ್ತರದ ಆಳು, ದೊಡ್ಡ ದನಿ. ಅವಳನ್ನು ನಾನು ಚಿತ್ತಾಪುರದಾಕೆ ಎಂದಷ್ಟೇ ಕರೆಯುತ್ತೇನೆ. ಅವಳ ಹೆಸರು ನನ್ನ ಬಾಯಲ್ಲಿ ಬರಬಾರದೆಂದು ಅವತ್ತೇ ಆಣೆ ಮಾಡಿದ್ದೇನೆ. ಅವ್ವ ನನ್ನ ಮುಖಕ್ಕೆ ದಪ್ಪಗೆ ಪೌಡರು ಬಳಿದು ಕೂಡಿಸಿದ್ದಳು. ಬಂದವರು ಉಪ್ಪಿಟ್ಟು ತಿಂದರು, ಚಹಾ ಕುಡಿದರು. ಆಮೇಲೆ ಚಿತ್ತಾಪುರದಾಕೆ ತಂಬಿಗೆಯಲ್ಲಿ ಸೆರಗಿನ ತುದಿ ಅದ್ದಿದಳು.

ಒದ್ದೆ ಸೆರಗಿನಿಂದ ಹುಡುಗಿಯ ಗಲ್ಲ ಒರೆಸಿ ನೋಡುವುದು ಆಗ ಇದ್ದದ್ದೇ. ಆದರೆ ಹಳೆಯ ಕಾಲದ ಹೆಂಗಸರು ಅದನ್ನು ಒಳಮನೆಯಲ್ಲಿ, ದೃಷ್ಟಿ ತೆಗೆಯುವ ನೆಪದಲ್ಲಿ, ಯಾರಿಗೂ ಕಾಣದ ಹಾಗೆ ಮಾಡುತ್ತಿದ್ದರು. ಇವಳು ಪಡಸಾಲೆಯಲ್ಲಿ, ಗಂಡಸರ ಎದುರಿಗೆ, ನನ್ನ ಗದ್ದ ಹಿಡಿದೆತ್ತಿ ತಿಕ್ಕಿದಳು. ಸೆರಗಿಗೆ ಹತ್ತಿದ ಪೌಡರನ್ನು ಎಲ್ಲರಿಗೂ ಹಿಡಿದು ತೋರಿಸಿದಳು.

"ನೋಡ್ರಿ, ಮ್ಯಾಲೆ ಪಾಲಿಶು, ಒಳಗ ಕಚ್ಚಾ ಫರಸಿ. ಕಲ್ಲಿನ ಊರಿನವರು, ನಮಗ ಕಲ್ಲೇ ಕಟ್ಟಲಿಕತ್ತಾರ."

ಬಂದವರು ನಕ್ಕರು. ಗಂಡೂ ನಕ್ಕ. ಅಪ್ಪ ಕೈಕಟ್ಟಿ ನಿಂತೇ ಇದ್ದ. ದೊಡ್ಡ ದೊಡ್ಡ ಬಂಡೆ ಸೀಳಿಸುವ ಮನುಷ್ಯ ಆತ. ನಾನು ಅವಳ ಕಾಲಿನ ಬೆರಳಿನ ಉಂಗುರ ನೋಡುತ್ತ ಕೂತಿದ್ದೆ. ಇವಳ ಮನೆಗೆ ಒಂದು ದಿನ ಇದಕ್ಕಿಂತ ಕೆಟ್ಟದ್ದಾಗಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಖಾಲಾ ಗೋಡೆಯ ಆಚೆಯಿಂದ ಎಲ್ಲ ನೋಡಿದ್ದಳು. ಅವತ್ತು ಸಂಜೆ ಕರೆದಳು. ಅಯ್ಯೋ ಪಾಪ ಎನ್ನಲಿಲ್ಲ, ಕಣ್ಣೀರು ಒರೆಸಲಿಲ್ಲ. ಗದ್ದ ಹಿಡಿದು ಮುಖವನ್ನು ಎಡಕ್ಕೆ ಬಲಕ್ಕೆ ತಿರುಗಿಸಿ, ಸಂತೆಯಲ್ಲಿ ಬದನೆಕಾಯಿ ನೋಡುವವಳ ಹಾಗೆ ನೋಡಿದಳು.

"ಆರು ತಿಂಗಳಾ. ನಾ ಹೇಳಿದ್ದು ಮಾಡ್ತೀ?"

"ಅಕಿ ನೋಡಿ ಹೊಟ್ಟಿ ಉರ್ಕೋಬೇಕು ಖಾಲಾ. ಅಷ್ಟು ಮಾಡು."

"ಅದೂ ಮಾಡೂಣು. ಮೊದಲು ಬುತ್ತಿ ಒಯ್ಯೋದು ಬಂದ್ ಮಾಡು."

ಬುತ್ತಿ ಅವ್ವ ಒಯ್ಯತೊಡಗಿದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಗೋಡೆ ಹಾರಿ ಹೋಗುತ್ತಿದ್ದೆ. ಖಾಲಾ ಪಿಂಗಾಣಿ ಬಟ್ಟಲಲ್ಲಿ ಪುಡಿ, ಹಾಲಿನ ಕೆನೆ, ಶೀಶೆಯ ರಸ ನಾಲ್ಕೇ ಹನಿ ಕಲಸಿ, ನನ್ನನ್ನು ಮಲಗಿಸಿ, ಕಣ್ಣು ಮುಚ್ಚಿಸಿ ಹಚ್ಚುತ್ತಿದ್ದಳು. ನೆಲ್ಲಿಯ ಒಗರಿನಿಂದ ಅವಳ ಉಗುರುಗಳು ಕಂದಾಗಿದ್ದವು, ಬೆರಳುಗಳು ಮಾತ್ರ ಬೆಣ್ಣೆ. ತಿಕ್ಕುತ್ತಿರಲಿಲ್ಲ, ಇಡುತ್ತಿದ್ದಳು. "ತೊಗಲು ಅಂದ್ರ ಫರಸಿ ಅಲ್ಲ, ತಿಕ್ಕಿ ಪಾಲಿಶ್ ಬರಸಲಿಕ್ಕೆ" ಎನ್ನುತ್ತಿದ್ದಳು. ಹಚ್ಚಿದ್ದು ಅರ್ಧ, ತಿಂದದ್ದು ಅರ್ಧ ಎಂಬುದು ಅವಳ ಇನ್ನೊಂದು ಮಾತು. ದಿನಕ್ಕೊಂದು ನೆಲ್ಲಿಕಾಯಿ ಎದುರಿಗೇ ತಿನ್ನಿಸುತ್ತಿದ್ದಳು. ನೆಲ್ಲಿ ಸಿಗದ ಕಾಲಕ್ಕೆ ಪೇರಲ. ನಾನು ಮುಖ ಸಿಂಡರಿಸಿದರೆ, ಆ ಹೆಂಗಸಿನ ಸೆರಗು ನೆನೆಸಿಕೋ ಎನ್ನುತ್ತಿದ್ದಳು. ಸೆರಗು ನೆನೆದರೆ ನನಗೆ ಬೇವಿನಕಾಯಿಯೂ ಇಳಿಯುತ್ತಿತ್ತು.

ಆ ಆರು ತಿಂಗಳಲ್ಲೇ ಚೀಲದ ಘಟನೆ ನಡೆದದ್ದು. ಖಾಲಾಳ ಗಂಡ ಬಳೆಗಾರ. ಸಂತೆಯಿಂದ ಸಂತೆಗೆ ಚೀಲದಲ್ಲಿ ಬಳೆ ಹೊತ್ತು ಹೋಗುವವನು. ಹೈದರಾಬಾದಿನ ಮೇಲೆ ದಂಡು ಬಂದ ಗಲಾಟೆಯ ವರ್ಷ ಚಿಮ್ಮನಚೋಡದ ಕಡೆ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ, ಹೇಳುವವರೂ ಸಿಗಲಿಲ್ಲ. ಆ ಮಾತನ್ನು ನಮ್ಮ ಓಣಿಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಂಥದ್ದರಲ್ಲಿ ಒಂದು ದಿನ ಆ ಕಡೆಯ ಒಬ್ಬ ಹೆಂಗಸು ಮುಖದ ಬಂಗಿಗೆ ಚಿಕ್ಸಾ ಬೇಕೆಂದು ಬಂದಳು. ಅವಳ ಬಗಲಲ್ಲಿ ಕೆಂಪು ಅಂಚಿನ ಒಂದು ಕೌದಿ ಚೀಲ. ಖಾಲಾ ಆ ಚೀಲವನ್ನು ನೋಡಿದ್ದನ್ನು ನಾನು ನೋಡಿದೆ. ಹೊಲಿಗೆಯ ಮೇಲೆ ಅವಳ ಕಣ್ಣು ನಿಂತಿತು, ಕೈ ನಿಲ್ಲಲಿಲ್ಲ.

ಅವಳನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ನನಗೆ ಹಚ್ಚಿದಷ್ಟೇ ಮೆತ್ತಗೆ ಹಚ್ಚಿದಳು. ತೊಳೆದಳು. ಪೊಟ್ಟಣ ಕಟ್ಟಿಕೊಟ್ಟಳು. ಬಿಸಿಲಿನ ಮಾತು ಮೂರು ಸಲ ಹೇಳಿದಳು. ಹೆಂಗಸು ಚೀಲ ಬಗಲಿಗೇರಿಸಿ ಹೊಸ್ತಿಲ ಮೇಲೆ ಕಾಲಿಟ್ಟಾಗ ಖಾಲಾ ಅಂದಳು:

"ಚೀಲ ಭಾಳ ಚಲೋ ಅದ ಬಾಯಿ. ಹೊಲಿಗಿ ನಂದು."

ಹೆಂಗಸಿನ ಮುಖದ ಬಣ್ಣ ಇಳಿದುಹೋಯಿತು. ಚೀಲ ಅಲ್ಲೇ ಬಿಟ್ಟು, ಪೊಟ್ಟಣವನ್ನೂ ಬಿಟ್ಟು ಹೋದಳು. ಖಾಲಾ ಚೀಲ ಎತ್ತಿ ಒಳಗಿಟ್ಟಳು. ಪೊಟ್ಟಣವನ್ನು ಓಣಿಯ ತುದಿಯವರೆಗೆ ಓಡಿ ನಾನೇ ಕೊಟ್ಟುಬರಬೇಕಾಯಿತು, ಖಾಲಾಳ ಅಪ್ಪಣೆ. ನಾನು ವಾಪಸು ಬಂದು ಸಿಟ್ಟಿನಿಂದ ಕೇಳಿದೆ, ಕಣ್ಣು ಮುಚ್ಚಿ ಮಲಗಿದ್ದಳಲ್ಲ, ಸುಣ್ಣ ಬಳಿಯಬಾರದಿತ್ತೇ ಎಂದು.

"ಬಳಿಬಹುದಿತ್ತು. ಆಮ್ಯಾಲೆ ಅಕಿ ಊರ ತುಂಬ ನನ್ನ ಹೆಸರು ಹೇಳ್ಕೋತ ತಿರುಗ್ತಿದ್ಳು. ಈಗ ಯಾರಿಗೂ ಹೇಳಂಗಿಲ್ಲ. ಕನ್ನಡಿ ನೋಡಿದಾಗೊಮ್ಮೆ ನಾ ನೆನಪಾಗ್ತೀನಿ. ಬದಲಾ ಅಂದ್ರ ಇದು ಬೇಟಿ. ಕೈ ಮೈಲಿಗಿ ಆಗಬಾರದು."

ಬದಲಾ ಅಂದರೆ ಸೇಡು, ಆ ಮಾತು ನನಗೆ ಚೆನ್ನಾಗಿ ತಿಳಿಯಿತು. ಕೊನೆಯದು ತಲೆಗೆ ಹೋಗಲಿಲ್ಲ.

ಆರು ತಿಂಗಳು ಎಂಟಾಯಿತು. ಆದರೆ ಮುಖ ತಿಳಿಯಾಯಿತು. ಬಂಗು ಪೂರ್ತಿ ಹೋಗಿರಲಿಲ್ಲ. ಬಿಸಿಲಿಗೆ ಹಿಡಿದು ನೋಡಿದರೆ ಎಡಗಲ್ಲದ ಮೇಲೆ ತೆಳ್ಳಗೆ ನೆರಳಿನಂತೆ ಕಾಣುತ್ತಿತ್ತು. ಒರಟು ಹೋಗಿ ಮೈಬಣ್ಣ ತನ್ನ ಜಾಗಕ್ಕೆ ಬಂದಿತ್ತು. ಸೇಡಂನಿಂದ ಒಂದು ಮಾತು ಬಂದಿತ್ತು, ಮಾಸ್ತರ ಹುಡುಗ. ಇದೆಲ್ಲ ಅವ್ವನ ತವರಿನ ಮೂಲಕ ಚಿತ್ತಾಪುರದ ಓಣಿಗೂ ಮುಟ್ಟಿತು. ಮುಟ್ಟಿದ ಹದಿನೈದು ದಿನಕ್ಕೆ ಅದೇ ಚಿತ್ತಾಪುರದಾಕೆಯಿಂದ ಖಾಲಾಳಿಗೆ ಹೇಳಿಕೆ ಬಂತು. ಅವಳ ಮಗಳಿಗೂ ಗಲ್ಲದ ಮೇಲೆ ಮಚ್ಚೆ ಎದ್ದಿವೆ, ತಿಂಗಳೊಪ್ಪತ್ತಿನಲ್ಲಿ ಕಾಳಗಿಯವರು ನೋಡಲು ಬರುವವರಿದ್ದಾರೆ, ಚಿಕ್ಸಾ ಕಳಿಸಬೇಕು.

ನಾನು ಕುಣಿದಾಡಿದೆ. ಇಲ್ಲ ಎಂದು ಹೇಳಿ ಕಳಿಸು ಖಾಲಾ, ಕಲ್ಲಿನ ಊರಿನ ಚಿಕ್ಸಾ ನಿಮ್ಮಂಥವರಿಗೆ ಆಗಿಬರುವುದಿಲ್ಲ ಎಂದು ಹೇಳು ಎಂದೆ.

"ಕೊಡೂಣು. ಭಾಳ ಚಲೋದು ಕೊಡೂಣು. ಮತ್ತ ನೀನೇ ಒಯ್ಯಿ."

"ನಾನಾ?"

"ನೀನೇ. ಬಾಗಲಾಗ ನಿಂತು ಕೊಡು. ಅಕಿ ನಿನ್ನ ಮಾರಿ ನೋಡಲಿ. ನೀ ಏನೂ ಮಾತಾಡಬ್ಯಾಡ, ಹಚ್ಚೋದು ಹ್ಯಾಂಗಂತ ಹೇಳಿ ಬಾ. ಅಷ್ಟ ಸಾಕು. ನಿನ್ನ ಬದಲಾ ಆಯ್ತು."

ಈಗ ಯೋಚಿಸಿದರೆ ಅದಕ್ಕಿಂತ ಚೊಕ್ಕ ಸೇಡು ಇರಲಿಲ್ಲ. ಎಂಟು ತಿಂಗಳು ಅವಳು ನನ್ನ ಮುಖ ತಿದ್ದಿದ್ದು ಆ ಒಂದು ಗಳಿಗೆಗಾಗಿ. ಹೊಸ ರಸ ಹಿಂಡಿ ಶೀಶೆ ತುಂಬಿದಳು, ಬಿಸಿಲಿನ ಮಾತು ಮೂರು ಸಲ ಹೇಳಿದಳು, ಅವ್ವನ ಜೊತೆ ರೈಲಿಗೆ ಕಳಿಸಿದಳು. ವಾಡಿಯಲ್ಲಿ ಗಾಡಿ ಬದಲಿಸಿ ಚಿತ್ತಾಪುರ ಮುಟ್ಟುವವರೆಗೆ ನನ್ನ ತಲೆಯಲ್ಲಿ ಲೆಕ್ಕಾಚಾರ ನಡೆದಿತ್ತು.

ಅವ್ವ ಆ ಮನೆಯ ಹೊಸ್ತಿಲು ತುಳಿಯಲೊಲ್ಲೆ ಎಂದು ತವರಲ್ಲೇ ಕೂತಳು. ನಾನೊಬ್ಬಳೇ ಹೋದೆ. ಚಿತ್ತಾಪುರದಾಕೆ ಬಾಗಿಲಿಗೆ ಬಂದು ನನ್ನನ್ನು ನೋಡಿದಳು. ಗುರುತು ಹತ್ತಲಿಲ್ಲ. ಆಮೇಲೆ ಹತ್ತಿತು. ಅವಳ ಕಣ್ಣು ನನ್ನ ಬಲಗಲ್ಲ, ಎಡಗಲ್ಲ, ಹಣೆ ಎಂದು ಓಡಾಡಿತು. ಅಷ್ಟಕ್ಕೆ ನಾನು ತಿರುಗಿ ಬಂದಿದ್ದರೆ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಗಬೇಕಿತ್ತು. ಆಗಲಿಲ್ಲ. ಅವಳು ನಾಚಿಕೊಳ್ಳಲಿಲ್ಲವಲ್ಲ! ಕೈ ಚಾಚಿ ಶೀಶೆ ತೆಗೆದುಕೊಂಡು, ಏನೂ ಆಗೇ ಇಲ್ಲವೆನ್ನುವ ಹಾಗೆ ಕೇಳಿದಳು.

"ಯಾವಾಗ ಹಚ್ಚಬೇಕಂತ?"

"ಮುಂಜಾನೆ" ಎಂದೆ ನಾನು. "ಅಂಗಳದಾಗ ಬಿಸಲಿಗೆ ಮಾರಿ ಮಾಡಿ ಕುಂದರಬೇಕು. ಒಣಗಿದ ಮ್ಯಾಲೆ ತೊಳಿಬೇಕು. ರಸ ಜಾಸ್ತಿ ಹಾಕ್ರಿ, ಲಗೂನ ಹತ್ತತದ."

"ಉರಿತದೇನು?"

"ಉರಿದಷ್ಟು ಚಲೋರಿ."

ಒಳಬಾಗಿಲಲ್ಲಿ ಅವಳ ಮಗಳು ನಿಂತಿದ್ದಳು. ನನಗಿಂತ ಒಂದು ವರ್ಷ ಸಣ್ಣವಳು, ತೆಳ್ಳಗೆ. ನನ್ನನ್ನು ನೋಡಿ ನಕ್ಕಳು. ನಿಮ್ಮ ಹಾಗೆ ಆಗುತ್ತದೆಯೇ ಎಂದು ಕೇಳಿದಳು. ಆಗುತ್ತದೆ ಎಂದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಗಾದೆ. ಕೇಳಿದಾಗಲೆಲ್ಲ ನಗುತ್ತಿದ್ದವಳು ನಾನು. ಅವತ್ತು ಬರೆಯ ಕಬ್ಬಿಣ ನನ್ನ ಕೈಯಲ್ಲೇ ಇತ್ತು.

ಚೈತ್ರದ ಬಿಸಿಲು. ನಾಲ್ಕು ದಿನಕ್ಕೆ ಹುಡುಗಿಯ ಮುಖ ಕೆಂಪಾಗಿ ಬೊಬ್ಬೆ ಬಂತು. ತಾಯಿ ಗುಣ ಹತ್ತುತ್ತಿದೆಯೆಂದು ಮತ್ತೂ ಎರಡು ದಿನ ಕೂಡಿಸಿದಳಂತೆ. ಬೊಬ್ಬೆ ಒಣಗಿದ ಕಡೆ ಕಪ್ಪು, ರಸ ಇಳಿದಲ್ಲೆಲ್ಲ ಗದ್ದದವರೆಗೆ ಕರಿ ಗೆರೆಗಳು. ಕಾಳಗಿಯವರು ಬಂದು, ನೋಡಿ, ನೀರೂ ಕುಡಿಯದೆ ಎದ್ದುಹೋದರು. ಸುದ್ದಿ ನಮ್ಮ ಮನೆ ಮುಟ್ಟಿದಾಗ ನನಗೆ ಸಂತೋಷವಾಯಿತು. ಸುಳ್ಳೇಕೆ ಹೇಳಲಿ. ಅಂದು ನಾನು ಒಂದು ರೊಟ್ಟಿ ಹೆಚ್ಚಿಗೆ ಉಂಡೆ.

ಮರುದಿನ ಮಧ್ಯಾಹ್ನ ಚಿತ್ತಾಪುರದಾಕೆ ತನ್ನ ಅಣ್ಣನನ್ನು ಕಟ್ಟಿಕೊಂಡು ಶಹಾಬಾದಿಗೆ ಬಂದಳು. ನಮ್ಮ ಮನೆಗಲ್ಲ, ಖಾಲಾಳ ಅಂಗಳಕ್ಕೆ. ಓಣಿಯೆಲ್ಲ ಕೂಡಿತು. ನಾನೂ ಅವ್ವನೂ ಗೋಡೆಯ ಈಚೆ ನಿಂತಿದ್ದೆವು.

"ನನ್ನ ಮಗಳ ಮಾರಿ ಸುಟ್ಟಿ ನೀ!" ಎಂದು ಅವಳು ಕೂಗಿದಳು. "ಗಂಡನ್ನ ಕಳಕೊಂಡ ಹೊಟ್ಟಿ ಉರಿ ನಮ್ಮ ಹೆಣ್ಣುಮಕ್ಕಳ ಮ್ಯಾಲೆ ತೀರಸ್ಕೋತಿ? ನಿಮ್ಮವರ ಕೈಲಿಂದ ಇಸಗೊಂಡಿದ್ದು ನಂದೇ ತಪ್ಪು. ಬಿಸಲಾಗ ಕುಂದರಸು ಅಂತ ಹೇಳಿ ಕಳಸ್ತಿ?"

ಬಿಸಿಲು ಎಂಬ ಮಾತು ಬಂದ ಕೂಡಲೇ ಖಾಲಾ ತಲೆಯೆತ್ತಿದಳು. ಗೋಡೆಯ ಕಡೆ ತಿರುಗಿ ನನ್ನನ್ನು ನೋಡಿದಳು. ಒಂದೇ ಸಲ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಲೆಕ್ಕ ತಿಳಿದವಳ ನೋಟ. ನಾನು ಬಾಯಿ ತೆಗೆಯಬೇಕಾಗಿದ್ದ ಹೊತ್ತು ಅದು. ಒಂದು ಮಾತು ಸಾಕಿತ್ತು. ನಾನು ಗೋಡೆಯ ಕಲ್ಲಿನ ಮೇಲೆ ಕಣ್ಣಿಳಿಸಿದೆ.

ಖಾಲಾ ಕೈ ಜೋಡಿಸಿದಳು.

"ನಂದೇ ತಪ್ಪು ಬಾಯಿ. ವಯಸ್ಸಾಯ್ತು, ಹೇಳೋದು ಉಲ್ಟಾ ಹೇಳಿ ಕಳಿಸೀನಿ. ಆ ಪೋರಿ ನಾ ಹೇಳಿದ್ದ ಹೇಳ್ಯಾಳ. ಲಿಂಬಿ ಬಂದ್ ಮಾಡ್ರಿ, ಹಾಲಿನ ಕೆನಿ ಹಚ್ರಿ, ಬಿಸಲಿಗೆ ಬಿಡಬ್ಯಾಡ್ರಿ. ಮಳಿ ಬರೋದ್ರೊಳಗ ಮಾರಿ ಮೊದಲಿನಂಗ ಆಗ್ತದ."

ಚಿತ್ತಾಪುರದಾಕೆ ಅವಳ ಅಂಗಳದಲ್ಲಿ ಉಗುಳಿದಳು. ಬಾಗಿಲ ಪಕ್ಕದ ಗೋಡೆಗೂಡಿನಲ್ಲಿದ್ದ ಶೀಶೆಗಳನ್ನು ಅವಳ ಅಣ್ಣ ಕಲ್ಲಿಗೆ ಅಪ್ಪಳಿಸಿದ. ಓಣಿಯವರು ನೋಡುತ್ತ ನಿಂತರು, ನಮ್ಮ ಪಡಸಾಲೆಯಲ್ಲಿ ಅಪ್ಪ ನಿಂತ ಹಾಗೆಯೇ. ನನ್ನ ಗಲ್ಲ ಒರೆಸಿದ ಹೆಂಗಸಿಗೆ ಖಾಲಾಳ ಅಂಗಳದಲ್ಲಿ ಉಗುಳುವ ಹಕ್ಕನ್ನು ನಾನೇ ಶೀಶೆಯಲ್ಲಿ ತುಂಬಿ ಒಯ್ದುಕೊಟ್ಟಿದ್ದೆ.

ಜನ ಚದುರಿದ ಮೇಲೆ ನಾನು ಗೋಡೆ ಹಾರಿ ಹೋದೆ. ಅವಳು ಕೂತು ಗಾಜಿನ ಚೂರು ಆರಿಸುತ್ತಿದ್ದಳು. ಹೋಗಿ ನಿಜ ಹೇಳಿಬಿಡುತ್ತೇನೆ ಎಂದು ಅತ್ತೆ.

"ಯಾರಿಗಿ ಹೇಳ್ತಿ? ಸೇಡಂನವರಿಗ್ಯಾ? ಹುಡುಗಿ ಮಾರಿ ಸುಟ್ಟಾಕಿನ್ನ ಯಾರು ಮಾಡ್ಕೋತಾರ? ನನ್ನ ಲಗ್ನ ಆಗಿ, ಮುಗದೂ ಹೋಗ್ಯಾದ. ನಂಗೇನು." ಚೂರುಗಳನ್ನು ಮೊರಕ್ಕೆ ಹಾಕುತ್ತಲೇ ಮುಂದುವರಿಸಿದಳು. "ಖರೇ ಹೇಳಲಾ? ನಿನ್ನ ಮಾರಿ ತಿಳಿ ಮಾಡ್ದೆ. ನಿನ್ನ ಕೈಯಾಗ ಇದು ಇತ್ತಂತ ನಂಗ ಗೊತ್ತಾಗಲಿಲ್ಲ. ಅದು ನನ್ನ ತಪ್ಪೇ."

ಅದರ ಮೇಲೆ ಅವಳು ನನ್ನನ್ನು ಒಂದು ಬೈಗುಳವನ್ನೂ ಬೈಯಲಿಲ್ಲ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಮಳೆಗಾಲಕ್ಕೆ ಆ ಹುಡುಗಿಯ ಮುಖ ಸರಿಹೋಯಿತು. ಖಾಲಾಳ ಹೆಸರು ಸರಿಹೋಗಲಿಲ್ಲ. ಮುಖ ಸುಡುವ ಮುದುಕಿ ಎಂದು ಚಿತ್ತಾಪುರದಿಂದ ಶುರುವಾದದ್ದು ಚಿಂಚೋಳಿವರೆಗೆ ಹೋಯಿತು. ಬೇಕೆಂದೇ ಮಾಡಿದಳು, ಗಂಡನ ಸೇಡು ತೀರಿಸಿಕೊಂಡಳು ಎಂದು ಜನ ಅದಕ್ಕೆ ಕೈಕಾಲು ಹಚ್ಚಿದರು. ಆ ಚಳಿಗಾಲ ನೆಲ್ಲಿಕಾಯಿ ಬರಲಿಲ್ಲ. ಓಣಿಯ ಹೆಂಗಸರೂ ಮಕ್ಕಳನ್ನು ಅವಳ ಅಂಗಳಕ್ಕೆ ಬಿಡಲು ಹಿಂಜರಿದರು. ನನಗೆ ಸೇಡಂನ ಮಾಸ್ತರನ ಜೊತೆ ಮದುವೆಯಾಯಿತು. ಮದುವೆಗೆ ಅವಳು ಬಂದಳು. ಮೂಲೆಯಲ್ಲಿ ಕೂತು, ಅಕ್ಕಿಕಾಳು ಹಾಕಿ, ಉಣ್ಣದೆ ಹೋದಳು. ಮುಂದಿನ ವರ್ಷ ಮನೆ ಖಾಲಿ ಮಾಡಿ ವಾಡಿಗೆ ತಮ್ಮನ ಹತ್ತಿರ ಹೋದಳು.

ಹೈದರಾಬಾದ ರಾಜ್ಯ ಹೋಗಿ ನಾವು ಮೈಸೂರಿಗೆ ಸೇರುತ್ತೇವಂತೆ ಎಂದು ಎಲ್ಲರೂ ಮಾತಾಡುತ್ತಿದ್ದ ವರ್ಷ, ಖಾಲಾ ತೀರಿಕೊಂಡಳೆಂದು ಅವ್ವ ಹೇಳಿ ಕಳಿಸಿದಳು. ನಾನು ಸೇಡಂನಿಂದ ವಾಡಿಗೆ ಮುಟ್ಟಿದಾಗ ಮಣ್ಣು ಮಾಡಿ ಎರಡು ದಿನವಾಗಿತ್ತು. ಅವಳ ತಮ್ಮನ ಹೆಂಡತಿ ಕೂಡಿಸಿ ಮಾತಾಡಿಸಿದಳು. ಒಳ್ಳೆಯ ಹೆಂಗಸು. ಖಾಲಾ ಇಲ್ಲಿಯೂ ಚಿಕ್ಸಾ ಮಾಡುತ್ತಿದ್ದಳೇ ಎಂದು ಕೇಳಿದೆ.

"ಚಿಕ್ಸಾ?" ಎಂದಳು ಅವಳು. "ಅವರಿಗೆಲ್ಲಿ ಬರ್ತಿತ್ತವ್ವ? ಹಿಂದ ಸಿಪ್ಪಿ ತರಸ್ಕೋತಿದ್ರು ಅಂತ ನಮ್ಮ ಮನಿಯವ್ರು ಅಂತಾರ. ನನ್ನ ಮಗಳ ಲಗ್ನದಾಗ ಕೇಳಿದ್ನಿ. 'ನಂಗ ಬರಂಗಿಲ್ಲ' ಅಂದ್ರು. ಬಜಾರದಿಂದ ತಂದ್ವಿ."

ನಾನು ಎದ್ದೆ. ಸೇಡಂಗೆ ಹೋಗುವ ಗಾಡಿ ಹತ್ತಿದೆ. ಚಿತ್ತಾಪುರ ಬಂತು, ಇಳಿದುಬಿಟ್ಟೆ. ಯೋಚನೆ ಮಾಡಿ ಇಳಿದದ್ದಲ್ಲ. ನೇರ ಆ ಮನೆಗೆ ಹೋಗಿ ಬಾಗಿಲು ಬಡಿದೆ. ಚಿತ್ತಾಪುರದಾಕೆಯೇ ತೆಗೆದಳು. ತಲೆ ನರೆತಿತ್ತು. ಕೂಡು ಎನ್ನುವ ಮೊದಲೇ ನಿಂತಲ್ಲೇ ಹೇಳಿದೆ. ಬಿಸಿಲಲ್ಲಿ ಕೂಡಿಸು ಎಂದದ್ದು ನಾನು. ಬೇಕೆಂದೇ ಹೇಳಿದೆ. ನೀ ನನ್ನ ಗಲ್ಲ ಒರೆಸಿದ್ದಕ್ಕೆ ಹೇಳಿದೆ. ಖಾಲಾ ತಪ್ಪು ಹೇಳಿರಲಿಲ್ಲ. ನನ್ನ ಸಲುವಾಗಿ ನಿನ್ನ ಉಗುಳು ತಡೆದುಕೊಂಡಳು. ಈಗ ಸತ್ತಳು. ಊರಿಗೆ ನಿಜ ಹೇಳು.

ಅವಳು ಬೈಯುತ್ತಾಳೆ, ಕೂದಲು ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಅದನ್ನೇ ಬೇಡುತ್ತಿದ್ದೆ. ಅವಳು ಬಾಗಿಲು ಪೂರ್ತಿ ತೆರೆದಳು. ಆಮೇಲೆ ನನ್ನ ಕೈ ಹಿಡಿದು ಒಳಗೆ ಕರೆದು ಕೂಡಿಸಿದಳು.

"ಹೋಗಲಿ ಬಿಡವ್ವ. ಸಣ್ಣಾಕಿ ಇದ್ದಿ. ನಾನೂ ನಿನ್ನ ಮಾರಿ ಒರಸಬಾರದಿತ್ತು. ನನ್ನ ಮಗಳು ಚಲೋ ಮನಿ ಸೇರ್ಯಾಳ, ನೀನೂ ಸೇರಿದಿ. ಸತ್ತಾಕಿ ಮ್ಯಾಲೆ ಇರಲಿ ಅದು. ಅಕಿಗೇನು ಮಕ್ಕಳಾ, ಮರಿಯಾ, ಮಾನ ಹೋಗಲಿಕ್ಕೆ? ನಾವು ನಾವು ಯಾಕ ಕೆಡಸ್ಕೋಬೇಕು?"

ನನ್ನ ಗಲ್ಲ ಒರೆಸಿದ್ದನ್ನು ನಾನು ಮರೆತರೂ ಮರೆತೇನು. ಅವತ್ತು ನನ್ನನ್ನು ಕ್ಷಮಿಸಿದ್ದಕ್ಕೆ ಅವಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಅವತ್ತು ಎದ್ದು ಬರಬೇಕಿತ್ತು, ಓಣಿಯಲ್ಲಿ ನಿಂತು ಕೂಗಿ ಹೇಳಬೇಕಿತ್ತು. ಅವಳು ಒಳಗೆ ಹೋಗಿ ಚಹಾ ಮಾಡಿ ತಂದಳು. ನಾನು ಕುಡಿದೆ.